ಪ್ರಾಥಮಿಕ ಶಾಲೆಯ ಮಕ್ಕಳಿಗೆ ವಿಜ್ಞಾನ ಮತ್ತು ಕಲೆ ಎರಡನ್ನೂ ಒಟ್ಟಿಗೆ ಕಲಿಸುವ ಕಡಿಮೆ ಖರ್ಚಿನ ಚಟುವಟಿಕೆಗಳು ಯಾವುವು?

ರಾಯಚೂರು ಜಿಲ್ಲೆಯ ಹಳ್ಳಿ ಶಾಲೆಯಲ್ಲಿ ನಾಲ್ಕು ಮತ್ತು ಐದನೆಯ ತರಗತಿಗಳಿಗೆ ಪಾಠ ಮಾಡುವ ತಾವು, ಪ್ರಯೋಗಾಲಯವೂ ಹಣವೂ ಇಲ್ಲದ ಕಡೆ ಇಂಥ ಚಟುವಟಿಕೆಗಳನ್ನು ಹೇಗೆ ಮಾಡಿಸಬೇಕು, ಅವುಗಳಿಗೆ ಅಂಕ ಹೇಗೆ ಕೊಡಬೇಕು ಎಂದು ಕೇಳಿದ್ದೀರಿ. ಕೊಪ್ಪಳ ತಾಲ್ಲೂಕಿನ ಶಾಲೆಯೊಂದರಲ್ಲಿ ಕಲಿಸುತ್ತಿರುವ ನನ್ನ ಸಲಹೆಯೆಂದರೆ, ತೊಗಲುಗೊಂಬೆಯಿಂದ ಆರಂಭಿಸಿ. ಥರ್ಮಾಕೋಲ್ ಚೆಂಡುಗಳಿಗೆ ಬಣ್ಣ ಬಳಿದು ಸೌರವ್ಯೂಹ ಮಾಡಿಸುವುದು ವಸ್ತುಪ್ರದರ್ಶನಕ್ಕೆ ಚೆನ್ನಾಗಿರುತ್ತದೆ. ಆದರೆ ಅಲ್ಲಿ ವಿಜ್ಞಾನ ತಿಳಿಯದಿದ್ದರೂ ಬಣ್ಣ ಬಳಿಯಬಹುದು. (ಬಳಿಯುವವರು ಬಹುಪಾಲು ಪಾಲಕರೇ ಎಂಬುದು ಬೇರೆ ಮಾತು.) ಗೊಂಬೆಯಾಟದಲ್ಲಾದರೆ ಬೆಳಕಿನ ನಡೆಯನ್ನು ಅರಿಯದೆ ಆಟವೇ ಕಳೆಗಟ್ಟುವುದಿಲ್ಲ.

ನಮ್ಮ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದದ್ದು ಇದೇ ಕಲೆಗಾಗಿ. ಮೇಕೆಯ ಚರ್ಮವನ್ನು ಬೆಳಕು ಹಾಯುವಷ್ಟು ತೆಳುವಾಗಿ ಹೆರೆದು, ಬಣ್ಣ ಹಚ್ಚಿ, ಆಭರಣ ಕಾಣಬೇಕಾದ ಕಡೆ ಸಣ್ಣ ರಂಧ್ರಗಳನ್ನು ಕೊರೆದಿರುತ್ತಾರೆ. ರಂಧ್ರದಲ್ಲಿ ಬೆಳಕು ಪೂರ್ತಿ ಹಾಯುತ್ತದೆ, ಬಣ್ಣದ ಚರ್ಮದಲ್ಲಿ ಅರ್ಧಂಬರ್ಧ ಹಾಯುತ್ತದೆ, ದಟ್ಟವಾದ ಕಪ್ಪು ಗೆರೆಯಲ್ಲಿ ನಿಂತುಬಿಡುತ್ತದೆ. ಪಾರದರ್ಶಕ, ಅರೆಪಾರದರ್ಶಕ, ಅಪಾರದರ್ಶಕ ಎಂದು ಪಠ್ಯಪುಸ್ತಕಗಳು ವಿಂಗಡಿಸುವುದನ್ನು ಕಲಾವಿದರು ಒಂದೇ ಗೊಂಬೆಯಲ್ಲಿ ಮಾಡಿ ತೋರಿಸಿದ್ದಾರೆ.

ತರಗತಿಗೆ ಚರ್ಮ ಬೇಡ. ಹಳೆಯ ಲಗ್ನಪತ್ರಿಕೆಯ ರಟ್ಟು, ಎಣ್ಣೆ ಸವರಿದ ಡ್ರಾಯಿಂಗ್ ಹಾಳೆ, ಬಣ್ಣದ ಜಿಲೆಟಿನ್ ಕಾಗದ, ಸೀಳಿದ ಜೋಳದ ದಂಟು, ಕೈಕಾಲುಗಳ ಕೀಲಿಗೆ ದಾರದ ಗಂಟು, ಪರದೆಗೆ ಬಿಳಿ ಪಂಚೆ, ಬೆಳಕಿಗೆ ಮೊಬೈಲ್ ಟಾರ್ಚ್ ಇದ್ದರೆ ಸಾಕು. ಎಣ್ಣೆ ಸವರಿದ ಕಾಗದದ ಹತ್ತಿರ ಉರಿಯುವ ದೀಪ ಇಡಬೇಡಿ. ಬ್ಲೇಡಿನ ಕೆಲಸ ನೀವೇ ಮಾಡಿ.

ಮಕ್ಕಳ ಮುಂದೆ ಒಂದೇ ಪ್ರಶ್ನೆ ಇಡಿ: ಒಂದೇ ಅಳತೆಯ ಎರಡು ಗೊಂಬೆಗಳಲ್ಲಿ ಒಂದನ್ನು ರಾಕ್ಷಸನನ್ನಾಗಿಯೂ ಇನ್ನೊಂದನ್ನು ಹುಡುಗನನ್ನಾಗಿಯೂ ಪರದೆಯ ಮೇಲೆ ತೋರಿಸುವುದು ಹೇಗೆ? ಪ್ರಯೋಗಕ್ಕೆ ಮೊದಲು ಪ್ರತಿಯೊಬ್ಬರೂ ತಮ್ಮ ಊಹೆಯನ್ನು ಪಾಟಿಯ ಮೇಲೆ ಬರೆಯಲಿ. ಗೊಂಬೆಯನ್ನು ಪರದೆಗೆ ಹತ್ತಿರ ತಂದರೆ ನೆರಳು ದೊಡ್ಡದಾಗುತ್ತದೆ ಎಂದು ಊಹಿಸುವ ಮಕ್ಕಳು ಇದ್ದೇ ಇರುತ್ತಾರೆ. ಅವರನ್ನು ತಿದ್ದಲು ಹೋಗದೆ ಅವರ ಕೈಗೇ ಗೊಂಬೆ ಕೊಡಿ. ಬಳಿಕ ಟಾರ್ಚನ್ನು ಪರದೆಯಿಂದ 120 ಸೆಂ.ಮೀ. ದೂರದಲ್ಲಿಟ್ಟು, 15 ಸೆಂ.ಮೀ. ಎತ್ತರದ ಗೊಂಬೆಯನ್ನು ಟಾರ್ಚಿನಿಂದ 60, 40, 30 ಸೆಂ.ಮೀ. ದೂರದಲ್ಲಿ ಹಿಡಿಸಿ ನೆರಳನ್ನು ಅಳೆಯಿಸಿ. ನೆರಳು ಕ್ರಮವಾಗಿ ಸುಮಾರು 30, 45, 60 ಸೆಂ.ಮೀ. ಬರುತ್ತದೆ. ಗುಣಾಕಾರದ ನಂಟನ್ನು ಐದನೆಯ ತರಗತಿಯವರು ತಾವೇ ಹಿಡಿಯಬಲ್ಲರು. ನಾಲ್ಕನೆಯವರಿಗೆ ದೊಡ್ಡದು, ಚಿಕ್ಕದು ಎಂಬಷ್ಟೇ ಸಾಕು.

ಇನ್ನೂ ಸ್ವಾರಸ್ಯದ ಸಂಗತಿಯೊಂದಿದೆ. ಟಾರ್ಚಿನ ಬದಲು ಅಗಲವಾದ ಬಲ್ಬನ್ನು ಇಟ್ಟು ನೋಡಿದರೆ, ಪರದೆಯಿಂದ ದೂರ ಸರಿದ ಗೊಂಬೆಯ ಅಂಚು ಮಸುಕಾಗುತ್ತದೆ, ಬಣ್ಣವೂ ಕದಡುತ್ತದೆ. ಆದ್ದರಿಂದ ನಮ್ಮ ಕಲಾವಿದರು ಗೊಂಬೆಯನ್ನು ಪರದೆಗೆ ಒತ್ತಿ ಆಡಿಸುತ್ತಾರೆ. ಹಾಗೆ ಒತ್ತಿದಾಗ ದೂರ ಬದಲಿಸಿ ಗಾತ್ರ ಬದಲಿಸುವ ದಾರಿ ಮುಚ್ಚುವುದರಿಂದ ದೇವರು, ರಾಜರಂಥ ಪಾತ್ರಗಳಿಗೆ ಗೊಂಬೆಯೇ ದೊಡ್ಡದು, ಸೇವಕರಿಗೆ ಚಿಕ್ಕದು. ಈ ಕಾರಣವನ್ನು ಹೇಳಿಬಿಡುವ ಆತುರ ಬೇಡ. ನಿಮ್ಮ ಸುತ್ತಮುತ್ತ ಆಟದ ಮೇಳವಿದ್ದರೆ ಅವರನ್ನು ಶಾಲೆಗೆ ಕರೆದು, ಮಕ್ಕಳೇ ಅವರನ್ನು ಕೇಳುವಂತೆ ಮಾಡಿ.

ಎರಡನೆಯದಾಗಿ ಮಣ್ಣಿನ ಬಣ್ಣ. ಎರೆ (ಕಪ್ಪು ಮಣ್ಣು) ಮತ್ತು ಮಸಾರಿ (ಕೆಂಪು ಮಣ್ಣು) ಎರಡೂ ನಮ್ಮ ಸೀಮೆಯಲ್ಲಿ ಸಿಗುತ್ತವೆ. ಮಣ್ಣನ್ನು ನೀರಿನಲ್ಲಿ ಕದಡಿ, ಮರಳು ತಳ ಸೇರಿದ ಮೇಲೆ ಮೇಲಿನ ರಾಡಿ ನೀರನ್ನು ಬೇರೆ ಪಾತ್ರೆಗೆ ಬಸಿದು ರಾತ್ರಿಯಿಡೀ ಬಿಟ್ಟರೆ ನಯವಾದ ಕೆಸರು ಉಳಿಯುತ್ತದೆ. ಅದಕ್ಕೆ ಹುಣಸೆ ಬೀಜದ ಅಂಟನ್ನು ಬೆರೆಸಿ. ನಮ್ಮ ಜಿಲ್ಲೆಯ ಕಿನ್ನಾಳದಲ್ಲಿ ಮರದ ಗೊಂಬೆ ಮಾಡುವವರು ಬಳಸುವ ಅಂಟೂ ಇದೇ. ಎರೆಯನ್ನು ದಪ್ಪವಾಗಿ ಬಳಿದರೆ ಒಣಗುವಾಗ ಬೇಸಿಗೆಯ ಹೊಲದಂತೆ ಬಿರಿಯುತ್ತದೆ. ನೀರು ಕುಡಿದು ಉಬ್ಬುವ, ಒಣಗಿ ಕುಗ್ಗುವ ಜೇಡಿಯ ಗುಣವನ್ನು ವಿವರಿಸಲು ಅದಕ್ಕಿಂತ ಒಳ್ಳೆಯ ಚಿತ್ರ ಬೇಕಿಲ್ಲ. ಮಸಾರಿಯ ಕೆಂಪು ಕಬ್ಬಿಣದ ಆಕ್ಸೈಡಿನದು. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲಿನ ಬಂಡೆಗಳ ಮೇಲಿನ ಕೆಂಪು ಚಿತ್ರಗಳ ಬಣ್ಣವೂ ಅದೇ ಜಾತಿಯದು; ಪ್ರವಾಸಕ್ಕೆ ಕರೆದೊಯ್ಯುವುದಾದರೆ ಅಲ್ಲಿಗೆ ಕರೆದೊಯ್ಯಿರಿ.

ಸಮಯ ಕಡಿಮೆಯಿದ್ದ ದಿನ ಅರಿಸಿನ ನೀರು ಬಳಿದು ಒಣಗಿಸಿದ ಹಾಳೆಯ ಮೇಲೆ ಸುಣ್ಣದ ತಿಳಿಯಿಂದ ಚಿತ್ರ ಬರೆಯಿಸಿ: ಗೆರೆ ಕೆಂಪಾಗುತ್ತದೆ, ಲಿಂಬೆರಸ ತಾಗಿಸಿದರೆ ಮತ್ತೆ ಹಳದಿಯಾಗುತ್ತದೆ. ಸುಣ್ಣದ ತಿಳಿ ಕಣ್ಣಿಗೆ ತಾಗದಂತೆ ಎಚ್ಚರವಿರಲಿ. ಚಿಕ್ಕವರಿಗೆ ಸಾಬೂನಿನ ನೀರೇ ಲೇಸು.

ಇನ್ನು ಅಂಕದ ವಿಚಾರ. ಗೊಂಬೆಯ ಅಂದಕ್ಕೆ ಅಂಕ ಕೊಟ್ಟರೆ ಮನೆಯಲ್ಲಿ ದೊಡ್ಡವರು ಕತ್ತರಿಸಿಕೊಟ್ಟ ಗೊಂಬೆಯೇ ಗೆಲ್ಲುತ್ತದೆ. ಬದಲಿಗೆ ಆಟದ ನಡುವೆ "ರಾಕ್ಷಸ ಇನ್ನೂ ದೊಡ್ಡವನಾಗಲಿ" ಎಂದು ಹೇಳಿ ಮಗುವಿನ ಕೈ ಯಾವ ಕಡೆ ಸರಿಯುತ್ತದೆ ಎಂದು ಗಮನಿಸಿ, ಏಕೆ ಹಾಗೆ ಸರಿಸಿದೆ ಎಂದು ಕೇಳಿ. ಮೊದಲ ದಿನ ಪಾಟಿಯ ಮೇಲೆ ಬರೆದ ಊಹೆಯನ್ನು ನೀವು ದಾಖಲಿಸಿಕೊಂಡಿದ್ದರೆ, ಆ ಊಹೆಗೂ ಈ ಉತ್ತರಕ್ಕೂ ಇರುವ ಅಂತರಕ್ಕೆ ಅಂಕ ಕೊಡಬಹುದು.