ಮೊಟೆಗಿಯ ಕಾಡು ಬರೀ ತೋರಿಕೆಯಾ?

ಕಾಡಿನ ಮಧ್ಯೆ ರೇಸ್ ಟ್ರ್ಯಾಕ್ ಇಟ್ಟುಕೊಂಡು ಪರಿಸರದ ಮಾತಾಡೋದು ಸುಮ್ನೆ ಪ್ರಚಾರ ಅಲ್ವಾ ಅಂತ ಕೇಳಿದ್ದೀರಿ. ಜಪಾನಿನ ಮೊಟೆಗಿಯ ಮಟ್ಟಿಗೆ ನಾನು ಹಾಗೆ ಹೇಳಲಾರೆ. 1997ರಲ್ಲಿ ಶುರುವಾದ ಈ ಟ್ರ್ಯಾಕ್ ಪಕ್ಕದಲ್ಲೇ ಹಲೋ ವುಡ್ಸ್ ಅನ್ನೋ ಕಾಡಿದೆ. ಅದನ್ನು ಹಿಂದೆ ಹಳ್ಳಿಯವರು ಕಡಿದು ಬಳಸುತ್ತಿದ್ದ ಊರಂಚಿನ ಕಾಡಿನ ಹಾಗೆ ನೋಡಿಕೊಳ್ಳುತ್ತಾರೆ. ಇಂಥ ಕಾಡನ್ನು ಮುಟ್ಟದೆ ಬಿಟ್ಟರೆ ಬಿದಿರು, ಪೊದೆ ಹಬ್ಬಿ ನೆಲಕ್ಕೆ ಬೆಳಕೇ ಬೀಳುವುದಿಲ್ಲ. ಓಕ್ ಜಾತಿಯ ಮರ ಕಡಿದರೆ ಅದೇ ಬುಡದಿಂದ ಹೊಸ ಚಿಗುರು ಬರುತ್ತದೆ. ಬಿಸಿಲು ಬಿದ್ದ ಜಾಗದಲ್ಲಿ ಹೂವು, ಆಮೇಲೆ ಚಿಟ್ಟೆ, ದುಂಬಿ. ಅಂದರೆ ಇಲ್ಲಿ ಮರ ಕಡಿಯುವುದೂ ಕಾಡಿನ ಆರೈಕೆಯೇ.

ಇಂಧನದ ವಿಷಯಕ್ಕೆ ಬಂದರೆ, ಇಲ್ಲೂ ನಡೆಯುವ ಮೋಟೋಜಿಪಿ ಅನ್ನೋ ವಿಶ್ವಮಟ್ಟದ ಬೈಕ್ ರೇಸ್ ಸರಣಿಯಲ್ಲಿ 2024ರಿಂದ ಕನಿಷ್ಠ 40% ಪಳೆಯುಳಿಕೆಯೇತರ ಇಂಧನ ಕಡ್ಡಾಯ, 2027ಕ್ಕೆ 100%. ಒಳ್ಳೆಯದೇ. ಆದರೆ ಪ್ರೇಕ್ಷಕರು ಕಾರಲ್ಲಿ ಬಂದುಹೋಗುವ ಹೊಗೆ ಇದರಲ್ಲಿ ಸೇರಿಲ್ಲ. ನಿಮ್ಮ ಅನುಮಾನವನ್ನು ಅಲ್ಲಿಗೆ ತಿರುಗಿಸಿ.