ಭಯೋತ್ಪಾದನೆಯ ಬಗ್ಗೆ ಸಂಶೋಧನೆ ಮಾಡಬೇಕೆಂದಿದ್ದೇನೆ, ಎಲ್ಲಿಂದ ಶುರು ಮಾಡಲಿ? ಓದಿದ್ದಕ್ಕೇ ಪೊಲೀಸರು ಬರುತ್ತಾರಾ?

ಮಂಜೇಶ್ವರದವರು, ಸಮಾಜಶಾಸ್ತ್ರದಲ್ಲಿ ಎಂಎ ಆಗಿದೆ, ನಮ್ಮ ಕಾಸರಗೋಡು ಜಿಲ್ಲೆಯಿಂದ ಐಸಿಸ್‌ಗೆ ಹೋದವರ ಬಗ್ಗೆ ಪಿಎಚ್‌ಡಿ ಮಾಡಬೇಕು, ಭಯೋತ್ಪಾದನೆ ತಡೆಯುವವರಿಗೆ ಅದರಿಂದ ಉಪಯೋಗವೂ ಆಗಬೇಕು ಅಂತ ಬರೆದಿದ್ದೀರಿ. ನಾನು ಬದಿಯಡ್ಕದವನು. ಒಂದು ಸಂಶೋಧನಾ ತಂಡಕ್ಕಾಗಿ ಕುಂಬಳೆಯಿಂದ ನೀಲೇಶ್ವರದವರೆಗೆ ಮನೆಮನೆಗೆ ಹೋಗಿ ಮಾತಾಡಿಸುವ ಕೆಲಸವನ್ನು ಕೆಲವು ವರ್ಷ ಮಾಡಿದ್ದೇನೆ. ಆ ಅನುಭವದಿಂದ ಹೇಳುತ್ತಿದ್ದೇನೆ.

ನಿಮ್ಮ ಟಿಪ್ಪಣಿಯಲ್ಲಿ "ಎಂಥ ಹುಡುಗರು ಹೋಗುತ್ತಾರೆ" ಅಂತ ಇದೆಯಲ್ಲ, ಅದನ್ನು ಈಗಲೇ ಹೊಡೆದುಹಾಕಿ. "ಹೇಗೆ ಹೋದರು, ಯಾರ ಜೊತೆ ಹೋದರು" ಅಂತ ಬರೆದುಕೊಳ್ಳಿ. "ಎಂಥವರು" ಎಂಬ ಪ್ರಶ್ನೆಯ ಹಿಂದೆ ಬಿದ್ದು ಈ ಕ್ಷೇತ್ರ ಸಾಕಷ್ಟು ಕಾಲ ಕಳೆದಿದೆ. ಹುಚ್ಚರಿರಬೇಕು, ಬಡವರಿರಬೇಕು, ಓದಿಲ್ಲದವರಿರಬೇಕು ಅಂತ ಹುಡುಕಿದರು, ಯಾವುದೂ ನಿಲ್ಲಲಿಲ್ಲ. ಭಯೋತ್ಪಾದಕರಲ್ಲಿ ಎದ್ದು ಕಾಣುವ ಲಕ್ಷಣವೆಂದರೆ ಅವರು ಎಲ್ಲರಂತೆಯೇ ಇರುವುದು ಅಂತ ಅಮೆರಿಕದ ರಾಜ್ಯಶಾಸ್ತ್ರಜ್ಞೆ ಮಾರ್ತಾ ಕ್ರೆನ್‌ಶಾ 1981ರಲ್ಲೇ ಬರೆದರು.

ನಮ್ಮ ಜಿಲ್ಲೆಯದ್ದನ್ನೇ ನೋಡಿ. 2016ರಲ್ಲಿ ಕೇರಳದಿಂದ ಸುಮಾರು ಇಪ್ಪತ್ತು ಮಂದಿ ಐಸಿಸ್‌ಗೆಂದು ಅಫ್ಘಾನಿಸ್ತಾನದ ನಂಗರ್‌ಹಾರ್ ಪ್ರಾಂತ್ಯಕ್ಕೆ ಹೋದರು. ಹೆಚ್ಚಿನವರು ಪಡನ್ನ, ತೃಕ್ಕರಿಪುರದ ಕಡೆಯವರು. ಡಾಕ್ಟರ್ ಇದ್ದರು, ಇಂಜಿನಿಯರ್ ಇದ್ದರು, ಗರ್ಭಿಣಿಯರಿದ್ದರು, ಸಣ್ಣ ಮಕ್ಕಳೂ ಇದ್ದರು. ನಿರುದ್ಯೋಗ, ಬಡತನ ಎಂಬ ರೆಡಿಮೇಡ್ ಉತ್ತರ ಇಲ್ಲಿ ನಡೆಯುವುದಿಲ್ಲ. ಯಾರ ಜೊತೆ ಯಾರು ಹೋದರು ಅಂತ ಒಂದು ಹಾಳೆಯಲ್ಲಿ ಗೆರೆ ಎಳೆದರೆ ಮಾತ್ರ ಒಂದು ಆಕಾರ ಕಾಣುತ್ತದೆ: ಅಣ್ಣ, ತಮ್ಮ, ಅವರವರ ಹೆಂಡಂದಿರು, ಗೆಳೆಯರು, ಒಂದೇ ತರಗತಿಯಲ್ಲಿ ಕೂರುತ್ತಿದ್ದವರು. ಅಮೆರಿಕದ ಮನೋವೈದ್ಯ ಮಾರ್ಕ್ ಸೇಜ್‌ಮನ್ 2004ರಲ್ಲಿ ಅಲ್ ಖೈದಾ ಮತ್ತು ಅದರ ಜೊತೆಗಿನ ಗುಂಪುಗಳ 172 ಮಂದಿಯ ವಿವರ ಜೋಡಿಸಿ ನೋಡಿದಾಗಲೂ ಇದೇ ಕಂಡಿತ್ತು. ಬಹುಪಾಲು ಜನ ಒಳಗೆ ಹೋದದ್ದು ಗೆಳೆತನ ಮತ್ತು ನೆಂಟಸ್ತಿಕೆಯ ಬಾಗಿಲಿನಿಂದ. ಸಿದ್ಧಾಂತ ಗಟ್ಟಿಯಾಗುವುದು ಎಷ್ಟೋ ಸಲ ಆಮೇಲೆ.

ಈಗ ಒಂದು ಲೆಕ್ಕ ಹಾಕಿ. 2011ರ ಜನಗಣತಿಯಲ್ಲಿ ಕಾಸರಗೋಡು ಜಿಲ್ಲೆಯ ಜನಸಂಖ್ಯೆ ಸುಮಾರು 13 ಲಕ್ಷ. ದಾರಿ ತಪ್ಪುವವರನ್ನು ನೂರಕ್ಕೆ 99ರಷ್ಟು ಸರಿಯಾಗಿ ಗುರುತಿಸುವ ಒಂದು ಪಟ್ಟಿ ನಿಮ್ಮ ಕೈಯಲ್ಲಿದೆ ಅಂತ ಇಟ್ಟುಕೊಳ್ಳಿ. ಅಂಥದ್ದು ಲೋಕದಲ್ಲೇ ಇಲ್ಲ, ಆದರೂ ಇರಲಿ. ಜಿಲ್ಲೆಗೆಲ್ಲ ಅದನ್ನು ಹಚ್ಚಿದರೆ ಉಳಿದ ಆ ಒಂದು ಶೇಕಡಾ ತಪ್ಪಿನಲ್ಲೇ 13,000 ನಿರಪರಾಧಿಗಳು ಸಿಕ್ಕಿಬೀಳುತ್ತಾರೆ, ಹುಡುಕುತ್ತಿದ್ದದ್ದು ಇಪ್ಪತ್ತು ಮಂದಿಯನ್ನು. "ಲಕ್ಷಣಗಳ ಪಟ್ಟಿ ಕೊಡಿ" ಅಂತ ನಿಮ್ಮನ್ನು ಕೇಳುವವರು ಬಹಳ ಮಂದಿ ಸಿಗುತ್ತಾರೆ. ಅವರಿಗೆ ಈ ಲೆಕ್ಕ ತೋರಿಸಿ.

ಕುಂಬಳೆಯ ಹತ್ತಿರ ಒಬ್ಬ ಉಮ್ಮ ತನ್ನ ಮಗನ ಬಗ್ಗೆ ಹೇಳಿದ್ದು ನೆನಪಿದೆ. ತಂಗಿಯ ಮದುವೆಗೆ ಮನೆಯವರು ಬ್ಯಾಂಕಿನಿಂದ ಸಾಲ ತೆಗೆದಿದ್ದರು. ಬಡ್ಡಿ ದುಡ್ಡಿನ ಊಟ ಅಂತ ಮಗ ಬಿರಿಯಾನಿ ಮುಟ್ಟಲಿಲ್ಲ. ಪಂದಲಿನ ಹೊರಗೆ ಬೈಕಿನ ಮೇಲೆ ಕೂತು ಬಾಳೆಹಣ್ಣು ತಿಂದ. ಮನೆಯ ಟಿವಿ ಕೊಟ್ಟುಬಿಡಿ ಅಂತ ಹಟ ಹಿಡಿದ, ಪಳ್ಳಿಯ (ಮಸೀದಿಯ) ಉಸ್ತಾದರ ಜೊತೆಗೂ ಜಗಳ. ನಾನು ಬರೆದುಕೊಳ್ಳುತ್ತಲೇ ಇದ್ದೆ. ಕೊನೆಗೆ ಈಗ ಎಲ್ಲಿದ್ದಾನೆ ಅಂದರೆ ಶಾರ್ಜಾದಲ್ಲಿ ಟೈಲ್ಸ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನಂತೆ, ರಜೆಯಲ್ಲಿ ಬಂದರೆ ಫುಟ್‌ಬಾಲ್ ನೋಡಲು ತಮ್ಮನ ಜೊತೆ ಟಿವಿ ಮುಂದೆಯೇ ಇರುತ್ತಾನಂತೆ. ಇದೇ ಹುಡುಗ ಎಲ್ಲಿಗಾದರೂ ಹೋಗಿದ್ದರೆ ಆ ಬಾಳೆಹಣ್ಣು, ಆ ಟಿವಿ ಎಲ್ಲ "ಮುನ್ಸೂಚನೆ" ಅಂತ ಪೇಪರಿನಲ್ಲಿ ಬರುತ್ತಿತ್ತು.

ಅದಕ್ಕೇ ಹೇಳುವುದು, ಹೋದವರನ್ನು ಮಾತ್ರ ಓದಿದರೆ ಏನೂ ಗೊತ್ತಾಗುವುದಿಲ್ಲ. ಅದೇ ಮಾತು ಕೇಳಿ, ಅದೇ ವಿಡಿಯೋ ನೋಡಿ, ಅದೇ ಗೆಳೆಯರ ಜೊತೆ ತಿರುಗಿ, ಆದರೂ ಹೋಗದೆ ಉಳಿದವರು ನಿಮ್ಮ ನಿಜವಾದ ವಿಷಯ. ಮೆಕಾಲೆ ಮತ್ತು ಮೊಸ್ಕಲೆಂಕೊ ಎಂಬ ಮನಶ್ಶಾಸ್ತ್ರಜ್ಞರು ಅಭಿಪ್ರಾಯದ ಪಿರಮಿಡ್ ಬೇರೆ, ಕ್ರಿಯೆಯ ಪಿರಮಿಡ್ ಬೇರೆ ಅಂತ ಬಿಡಿಸಿಟ್ಟಿದ್ದಾರೆ; ಎರಡರಲ್ಲೂ ತಳದಲ್ಲಿ ಬಹಳ ಮಂದಿ, ತುದಿಯಲ್ಲಿ ಕೆಲವೇ ಮಂದಿ. ಉಗ್ರವಾಗಿ ಮಾತಾಡುವವರಲ್ಲಿ ಹೆಚ್ಚಿನವರು ಏನೂ ಮಾಡುವುದಿಲ್ಲ, ಮಾಡಿದವರಲ್ಲಿ ಕೆಲವರಿಗೆ ಹೇಳಿಕೊಳ್ಳುವಂಥ ಸಿದ್ಧಾಂತವೂ ಇರುವುದಿಲ್ಲ. ಯಾರ ಹೆಸರಿನ ಪುಸ್ತಕ ಓದದಿದ್ದರೂ ಇವರಿಬ್ಬರನ್ನು ಓದಿ.

ಮಾಹಿತಿ ಎಲ್ಲಿ ಸಿಗುತ್ತದೆ ಅಂತ ಕೇಳಿದ್ದೀರಿ. ನನ್ನ ಮಟ್ಟಿಗೆ ನ್ಯಾಯಾಲಯದ ತೀರ್ಪುಗಳಷ್ಟು ಒಳ್ಳೆಯ ಆಕರ ಬೇರೆ ಇಲ್ಲ. 2016ರ ಪ್ರಕರಣದಲ್ಲಿ ಒಬ್ಬರಿಗೆ ಕೊಚ್ಚಿಯ ಎನ್‌ಐಎ (ರಾಷ್ಟ್ರೀಯ ತನಿಖಾ ದಳ) ವಿಶೇಷ ನ್ಯಾಯಾಲಯ 2018ರಲ್ಲಿ ಏಳು ವರ್ಷ ಶಿಕ್ಷೆ ಕೊಟ್ಟಿತು. ಹೈಕೋರ್ಟ್ ಇಳಿಸಿತು, 2019ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಏರಿಸಿತು. ಸಾಕ್ಷಿಗಳು ಏನೆಂದರು, ಯಾವುದನ್ನು ಕೋರ್ಟ್ ನಂಬಿತು ಎಲ್ಲವೂ ಅಲ್ಲಿದೆ. ಚಾರ್ಜ್‌ಶೀಟ್ ಒಂದು ಪಕ್ಷದ ವಾದ ಎಂಬುದನ್ನು ಮಾತ್ರ ಮರೆಯಬೇಡಿ, ಅದನ್ನೇ ಸತ್ಯ ಅಂತ ಉದ್ಧರಿಸಿದ ಪ್ರಬಂಧಗಳು ಬೇಕಾದಷ್ಟಿವೆ. ಅಂಕಿಅಂಶಕ್ಕೆ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಜಾಗತಿಕ ಭಯೋತ್ಪಾದನಾ ದತ್ತಕೋಶ ಇದೆ, 1970ರಿಂದ ಶುರು. ಅದರಲ್ಲಿ 1993ರ ದಾಖಲೆಗಳು ಕಳೆದುಹೋಗಿದ್ದರಿಂದ ಆ ವರ್ಷವೇ ಇಲ್ಲ. ನಮಗೆ ಆ ವರ್ಷವೆಂದರೆ ಮುಂಬಯಿ ಸರಣಿ ಸ್ಫೋಟ, 257 ಸಾವು. ಭಾರತದ ಗ್ರಾಫ್ ಹಾಕುವಾಗ ಆ ಹಳ್ಳವನ್ನು ಶಾಂತಿ ಅಂತ ಓದಿಬಿಟ್ಟೀರಿ.

ಇನ್ನು ವ್ಯಾಖ್ಯೆ. ಭಯೋತ್ಪಾದನೆ ಅಂದರೆ ಏನು ಅಂತ ವಿಶ್ವಸಂಸ್ಥೆಯಲ್ಲೇ ಒಮ್ಮತವಿಲ್ಲ. ಭಾರತ 1996ರಲ್ಲಿ ಮುಂದಿಟ್ಟ ಸಮಗ್ರ ಒಪ್ಪಂದದ ಕರಡು ಇನ್ನೂ ಅಲ್ಲೇ ಬಿದ್ದಿದೆ. ಹಾಗಾಗಿ ನೀವು ಯಾವುದನ್ನು ಹಿಡಿದಿದ್ದೀರಿ ಅಂತ ಮೊದಲ ಅಧ್ಯಾಯದಲ್ಲೇ ಹೇಳಿ. 2019ರಲ್ಲಿ ಪೆರಿಯದಲ್ಲಿ ಇಬ್ಬರು ಯುವಕರನ್ನು ರಾಜಕೀಯ ದ್ವೇಷಕ್ಕೆ ಕಡಿದು ಕೊಂದರು, ಅದನ್ನು ಯಾರೂ ಭಯೋತ್ಪಾದನೆ ಅನ್ನುವುದಿಲ್ಲ. ಅಲ್ಲಿಯೂ ಹುಡುಗರನ್ನು ಸೇರಿಸಿಕೊಂಡು, ನಿಷ್ಠೆ ಕಟ್ಟಿ, ಕತ್ತಿ ಹಿಡಿಸುವವರೆಗಿನ ದಾರಿಯೊಂದು ಇರುತ್ತದೆ. ಹೋಲಿಕೆಗೆ ಅಂಥ ಒಂದು ಪ್ರಕರಣ ಇಟ್ಟುಕೊಂಡರೆ ಪ್ರಬಂಧ ಗಟ್ಟಿಯಾಗುತ್ತದೆ. ಒಂದೇ ಸಮುದಾಯದ ಮನೆಗಳಿಗೆ ಮಾತ್ರ ನೋಟ್‌ಬುಕ್ ಹಿಡಿದು ಹೋಗುವ ಮುಜುಗರವೂ ಕಡಿಮೆಯಾಗುತ್ತದೆ.

ಪೊಲೀಸರ ವಿಷಯ. ಸುಮ್ಮನೆ ಓದಿದ್ದಕ್ಕೆ ಯಾರೂ ಬರುವುದಿಲ್ಲ ಅಂತ ಧೈರ್ಯ ಹೇಳಿ ಕೈತೊಳೆದುಕೊಳ್ಳುವುದು ಸರಿಯಲ್ಲ. 2008ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಸಂಶೋಧನೆಗೆಂದು ಅಲ್ ಖೈದಾದ ಕೈಪಿಡಿ ಇಳಿಸಿಕೊಂಡ ವಿದ್ಯಾರ್ಥಿಯನ್ನು ಹಿಡಿದು ದಿನಗಟ್ಟಲೆ ಇಟ್ಟುಕೊಂಡರು, ಆಮೇಲೆ ಪರಿಹಾರ ಕೊಟ್ಟರು. ನಮ್ಮಲ್ಲಿ 2019ರಲ್ಲಿ ಕೋಝಿಕ್ಕೋಡಿನ ಇಬ್ಬರು ವಿದ್ಯಾರ್ಥಿಗಳನ್ನು ಮಾವೋವಾದಿ ನಂಟಿನ ಆರೋಪದಲ್ಲಿ ಯುಎಪಿಎ (ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ) ಹಾಕಿ ಬಂಧಿಸಿದರು. ಸಿಕ್ಕ ಸಾಕ್ಷ್ಯದಲ್ಲಿ ಹೆಚ್ಚಿನದು ಕರಪತ್ರ, ಪುಸ್ತಕ. 2021ರ ಅಕ್ಟೋಬರಿನ ಜಾಮೀನು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಸಂಘಟನೆಯ ಜೊತೆ ನಂಟಿದ್ದರೆ ಸಾಲದು, ಅದರ ಚಟುವಟಿಕೆ ಮುಂದುವರಿಸುವ ಉದ್ದೇಶವೂ ಇರಬೇಕು ಅಂದಿತು. ನಿಮಗೆ ಬೇಕಾದ ತೀರ್ಪು ಅದು, ಮುದ್ರಿಸಿ ಇಟ್ಟುಕೊಳ್ಳಿ. ವಿಭಾಗದ ನೈತಿಕ ಸಮಿತಿಯ ಅನುಮತಿ, ಗೈಡ್ ಸಹಿ ಮಾಡಿದ ಪತ್ರ, ಏನನ್ನು ಯಾವತ್ತು ಯಾಕೆ ನೋಡಿದಿರಿ ಎಂಬ ಡೈರಿ ಇರಲಿ. ಸುಳ್ಳು ಹೆಸರಿನಲ್ಲಿ ಟೆಲಿಗ್ರಾಂ ಗುಂಪು ಸೇರಬೇಡಿ, ಒಂದು ವಿಡಿಯೋವನ್ನೂ ಯಾರಿಗೂ ಕಳಿಸಬೇಡಿ, ಗೈಡಿಗೂ ಸಹ.

ಜನರ ಗುಟ್ಟು ಕಾಪಾಡುತ್ತೇನೆ ಅಂತ ಮಾತು ಕೊಡುವ ಮೊದಲು ಯುಎಪಿಎಯ 43ಎಫ್ ಸೆಕ್ಷನ್ ಓದಿ. ಎಸ್‌ಪಿ ದರ್ಜೆಯವರ ಲಿಖಿತ ಒಪ್ಪಿಗೆಯ ಮೇಲೆ ತನಿಖಾಧಿಕಾರಿ ನಿಮ್ಮಲ್ಲಿರುವ ಮಾಹಿತಿ ಕೇಳಬಹುದು, ಕೊಡದಿದ್ದರೆ ಅಪರಾಧ. ವಕೀಲರಿಗಿರುವ ರಕ್ಷಣೆ ಸಂಶೋಧಕರಿಗೆ ಇಲ್ಲ. ನಾವು ಮಾಡುತ್ತಿದ್ದದ್ದು ಇಷ್ಟೆ: ಈ ಮಿತಿಯನ್ನು ಎದುರಿನವರಿಗೆ ಮೊದಲೇ ಹೇಳುವುದು, ಹೆಸರು ಬರೆಯದಿರುವುದು, ಕಳೆದುಹೋದದ್ದನ್ನು ಮಾತ್ರ ಕೇಳುವುದು. ಮುಂದೆ ಯಾರು ಏನು ಮಾಡಲಿದ್ದಾರೆ ಎಂಬ ದಿಕ್ಕಿಗೆ ಮಾತು ಹೊರಳಿದರೆ ಅಲ್ಲೇ ನಿಲ್ಲಿಸುತ್ತಿದ್ದೆವು.

ಉಪಯೋಗಕ್ಕೆ ಬರಬೇಕು ಎಂಬ ನಿಮ್ಮ ಆಸೆ ಒಳ್ಳೆಯದೇ. ಆದರೆ ಒಂದು ಕಚೇರಿಯಲ್ಲಿ ನಮ್ಮ ವರದಿ ಓದದೆಯೇ, ಚಾಯ ತರಿಸಿ, "ಇದೆಲ್ಲ ಇರಲಿ ಮಾರಾಯ್ರೆ, ನಾಲ್ಕು ಹೆಸರು ಕೊಡಿ ಸಾಕು" ಅಂದವರಿದ್ದಾರೆ. ಹೆಸರು ಕೊಟ್ಟ ದಿನ ನೀವು ಸಂಶೋಧಕಿಯಾಗಿ ಉಳಿಯುವುದಿಲ್ಲ, ಆ ಊರಿಗೆ ಮುಂದೆ ಇನ್ನೊಬ್ಬ ಸಂಶೋಧಕರೂ ಕಾಲಿಡಲಾಗುವುದಿಲ್ಲ. ಅವರಿಗೆ ಕೊಡಬಹುದಾದ ಬೆಲೆಯುಳ್ಳ ಉತ್ತರ ಬೇರೆ ಇದೆ. 2016ರಲ್ಲಿ ವಿಷಯ ಹೊರಬಿದ್ದದ್ದೇ ಮನೆಯವರ ಬಾಯಿಂದ. ಏನೋ ಸರಿಯಿಲ್ಲ ಅಂತ ಅನ್ನಿಸಿದ ತಾಯಿಗೆ ಹೆಚ್ಚಾಗಿ ಕಾಣುವುದು ಎರಡೇ ದಾರಿ: ಬಾಯಿ ಮುಚ್ಚಿಕೊಳ್ಳುವುದು, ಇಲ್ಲವೇ ಸ್ಟೇಷನ್ ಮೆಟ್ಟಿಲು ಹತ್ತಿ ಮಗನನ್ನು ಆರೋಪಿ ಮಾಡುವುದು. ಡೆನ್ಮಾರ್ಕಿನ ಆರ್‌ಹಸ್ ನಗರದಲ್ಲಿ ಪೊಲೀಸರು ಮತ್ತು ನಗರಸಭೆ ಸೇರಿ ಇವೆರಡರ ನಡುವೆ ಮೂರನೆಯ ಬಾಗಿಲೊಂದನ್ನು ಮಾಡಿದ್ದಾರೆ. ಮನೆಯವರು ಹೋಗಿ ಮಾತಾಡಬಹುದು, ಹುಡುಗನಿಗೆ ಒಬ್ಬ ಮಾರ್ಗದರ್ಶಿಯನ್ನು ಜೊತೆಮಾಡುತ್ತಾರೆ. ಬ್ರಿಟನ್ 2015ರಲ್ಲಿ ಶಾಲೆ, ಆಸ್ಪತ್ರೆಗಳಿಗೆಲ್ಲ ಜನ ಭಯೋತ್ಪಾದನೆಯ ಕಡೆ ವಾಲದಂತೆ ನೋಡಿಕೊಳ್ಳುವುದು ಕಾನೂನಿನ ಕರ್ತವ್ಯ ಅಂತ ಹೇರಿತು, ಶಾಲೆಯ ಮಕ್ಕಳ ಹೆಸರುಗಳೂ ರಾಶಿ ಬಂದವು, ಹೆಚ್ಚಿನವುಗಳಲ್ಲಿ ಮುಂದೆ ಮಾಡಬೇಕಾದ್ದೇನೂ ಇರಲಿಲ್ಲ. ಕಾಸರಗೋಡಿನಲ್ಲಿ ಅಂಥ ಬಾಗಿಲು ಎಲ್ಲಿರಬೇಕು, ಪಳ್ಳಿಯಲ್ಲೋ, ಆಶಾ ಕಾರ್ಯಕರ್ತೆಯ ಹತ್ತಿರವೋ, ಹೆಂಗಸರ ಸಂಘವಾದ ಕುಟುಂಬಶ್ರೀಯಲ್ಲೋ? ಯಾರ ಹತ್ತಿರ ಆ ತಾಯಿ ನಿಜವಾಗಿ ಹೋಗುತ್ತಾಳೆ? ಪಿಎಚ್‌ಡಿಗೆ ಇಷ್ಟು ಸಾಕು.

ಮಲಯಾಳಂ ಓದಲು ಬರುತ್ತದೆಯೋ ಇಲ್ಲವೋ ಅಂತ ನೀವು ಬರೆದಿಲ್ಲ. ಕನ್ನಡ ಶಾಲೆಯಲ್ಲಿ ಕಲಿತವರಾದರೆ ಮಾತು ಬಂದರೂ ಓದು ತಡವರಿಸುತ್ತದೆ, ನನಗೂ ಹಾಗೇ ಇತ್ತು. ಪಡನ್ನದ ಕಡೆ ಹೋಗುವ ಮೊದಲು ಅದನ್ನು ಸರಿಮಾಡಿಕೊಳ್ಳಿ. ಅಲ್ಲಿಯತನಕ ಕುಂಬಳೆ, ಉಪ್ಪಳದಲ್ಲಿ ತುಳು, ಬ್ಯಾರಿಯಲ್ಲೇ ಕೆಲಸ ಶುರು ಮಾಡಬಹುದು.