ದನಿ ದೊಡ್ಡದಲ್ಲ, ನಿಜ

ಪ್ರಶ್ನೆ: ಹಾಸ್ಟೆಲ್‌ನಿಂದ ರಜೆಗೆ ಬಂದ ಮಗಳು ಕ್ಯಾರೋಲ್ ಕಿಂಗ್ ಎಂಬ ಅಮೆರಿಕದ ಗಾಯಕಿಯ ಹಾಡು ದಿನಾ ಹಾಕುತ್ತಾಳೆ. 1971ರ ಹಾಡಂತೆ. ನಾನು ಗಂಗೂಬಾಯಿ ಹಾನಗಲ್ ಅವರನ್ನು ಕೇಳಿ ಬೆಳೆದವನು. ಈಕೆಯ ದನಿ ಅಂಥ ದೊಡ್ಡದೇನೂ ಅನ್ನಿಸಲಿಲ್ಲ. ಇಷ್ಟು ವರ್ಷ ಆದಮೇಲೂ ಜನ ಯಾಕೆ ಕೇಳುತ್ತಾರೆ?
– ಓದುಗರು, ದೇಶಪಾಂಡೆ ನಗರ, ಹುಬ್ಬಳ್ಳಿ

ಉತ್ತರ: ನಿಮ್ಮ ಕಿವಿ ಸರಿಯಾಗಿಯೇ ಇದೆ. ದನಿ ದೊಡ್ಡದಲ್ಲ. ಅಲ್ಲರೀ, ಗಂಗೂಬಾಯಿ ಅವರನ್ನು ಕೇಳಿದ ಕಿವಿಗೆ ಇನ್ಯಾರ ದನಿ ದೊಡ್ಡದು ಅನ್ನಿಸಬೇಕು?

ಆದರೆ ಕಿಂಗ್ ಮೊದಲು ಗಾಯಕಿ ಅಲ್ಲ, ಹಾಡು ಕಟ್ಟುವವರು. ಹುಟ್ಟಿದ್ದು 1942ರಲ್ಲಿ, ನ್ಯೂಯಾರ್ಕ್‌ನಲ್ಲಿ. ಹದಿನೇಳಕ್ಕೆ ಮದುವೆ. ಗಂಡ ಜೆರ್ರಿ ಗಾಫಿನ್ ಸಾಹಿತ್ಯ ಬರೆಯೋದು, ಈಕೆ ಪಿಯಾನೋ ಮುಂದೆ ಕೂತು ಧಾಟಿ ಹಾಕೋದು. ಹಾಡುವವರು ಬೇರೆಯವರು. 1961ರ ಜನವರಿಯಲ್ಲಿ ಶಿರೆಲ್ಸ್ ಎಂಬ ಹುಡುಗಿಯರ ತಂಡ ಹಾಡಿದ ಇವರ ಹಾಡು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಹೋದಾಗ ಕಿಂಗ್‌ಗೆ ಹತ್ತೊಂಬತ್ತೂ ತುಂಬಿರಲಿಲ್ಲ. ಮರುವರ್ಷ ಇನ್ನೊಂದು ಹಾಡನ್ನು ಮನೆಯಲ್ಲಿ ಮಗು ನೋಡಿಕೊಳ್ಳುತ್ತಿದ್ದ ಹುಡುಗಿಯಿಂದಲೇ ಹಾಡಿಸಿದರು. ಅದೂ ಮೊದಲ ಸ್ಥಾನ! ಹೀಗೆ ಸುಮಾರು ಹತ್ತು ವರ್ಷ ಬೇರೆಯವರ ಗಂಟಲಿಗೆ ಹೊಂದುವ ಹಾಡು ಹೊಲಿದುಕೊಟ್ಟ ಮೇಲೆ, 1971ರಲ್ಲಿ 'ಟ್ಯಾಪೆಸ್ಟ್ರಿ' ಎಂಬ ಆಲ್ಬಂ ಬಂತು. ಅಲ್ಲಿ ಹಾಡಿದ್ದು ತಾವೇ. 15 ವಾರ ಅಮೆರಿಕದ ಆಲ್ಬಂಗಳ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿತ್ತು. ಮರುವರ್ಷ ನಾಲ್ಕು ಗ್ರ್ಯಾಮಿ ಪ್ರಶಸ್ತಿ. ಮುಖಪುಟದಲ್ಲಿ ಬರಿಗಾಲಲ್ಲಿ ಕಿಟಕಿ ಪಕ್ಕ ಕೂತಿದ್ದಾರೆ, ಮುಂದೆ ಒಂದು ಬೆಕ್ಕು.

ನನಗೆ ಇದೆಲ್ಲ ಆಗ ಗೊತ್ತಿರಲಿಲ್ಲ. 1984. ಧಾರವಾಡದಲ್ಲಿ ಓದುತ್ತಿದ್ದೆ. ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಖಾಲಿ ಕ್ಯಾಸೆಟ್‌ಗೆ ಬೇಕಾದ್ದು ತುಂಬಿಸಿ ಕೊಡುತ್ತಿದ್ದರು. ನನ್ನದರಲ್ಲಿ ಒಂದು ಬದಿ ಕಿಂಗ್, ಇನ್ನೊಂದು ಬದಿ ಜೇಮ್ಸ್ ಟೇಲರ್ ಎಂಬ ಅಮೆರಿಕದ ಗಾಯಕ. ಕೇಳಿದರೆ ಎರಡೂ ಕಡೆ ಒಂದು ಹಾಡು ಅದೇ! ಕಷ್ಟದಲ್ಲಿದ್ದಾಗ ಹೆಸರು ಹಿಡಿದು ಕರಿ, ಓಡಿ ಬರ್ತೀನಿ ಅನ್ನುವ ಹಾಡು. ರಾಣೆಬೆನ್ನೂರಿನ ರೂಮ್‌ಮೇಟ್ ಅದು ಟೇಲರ್‌ದೇ ಅಂತ ವಾದ ಮಾಡಿದಳು. ನನಗೂ ಹಾಗೇ ಅನ್ನಿಸಿತ್ತು. ಬರೆದದ್ದು ಕಿಂಗ್. 1971ರಲ್ಲಿ ಅದನ್ನು ಮೊದಲ ಸ್ಥಾನಕ್ಕೆ ಒಯ್ದದ್ದು ಟೇಲರ್.

ನಾನೀಗ ಮಾಳಮಡ್ಡಿಯಲ್ಲಿ ಮಕ್ಕಳಿಗೆ ಹಾರ್ಮೋನಿಯಂ ಹೇಳಿಕೊಡುತ್ತೇನೆ. ಆ ಹಾಡನ್ನು ಪೆಟ್ಟಿಗೆ ಮೇಲೆ ಬಾರಿಸಿ ನೋಡಿದ್ದೇನೆ. ಶುರುವಿನ ಸಾಲುಗಳಲ್ಲಿ ಕೋಮಲ ಗಾಂಧಾರದ, ಅಂದರೆ ತಗ್ಗಿಸಿದ 'ಗ' ಸ್ವರದ ಬೇಸರ ಇದೆ. ಪಲ್ಲವಿಗೆ ಬಂದಾಗ ಹೆಚ್ಚುಕಡಿಮೆ ಹಾರ್ಮೋನಿಯಂನ ಅವೇ ಮನೆಗಳು, ಆದರೆ ಷಡ್ಜ, ಅಂದರೆ 'ಸ', ಜಾಗ ಬದಲಿಸುತ್ತೆ, ಗಾಂಧಾರ ಶುದ್ಧವಾಗುತ್ತೆ. ನಮ್ಮವರು ಮೂರ್ಛನೆ ಅನ್ನುತ್ತಾರಲ್ಲ, ಹತ್ತಿರ ಹತ್ತಿರ ಅದೇ. ಕತ್ತಲೆ ಕೋಣೆಯಲ್ಲಿ ಯಾರೋ ಬಾಗಿಲು ತೆಗೆದ ಹಾಗಾಗುತ್ತೆ. ಇದಕ್ಕೆ ದೊಡ್ಡ ದನಿ ಬೇಡ. ಹಾಡಿನಲ್ಲೇ ಇದೆ.

ಶಿಶುನಾಳ ಶರೀಫರನ್ನು ನೋಡಿ. ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕ್ತಿಲ್ಲ, ಬೈಯಬೇಡಿ. 1889ರಲ್ಲಿ ತೀರಿಕೊಂಡ ಅವರ ದನಿ ನಾವ್ಯಾರೂ ಕೇಳಿಲ್ಲ. ಶಿಗ್ಗಾವಿ ಕಡೆಯ ಭಜನೆಯವರು ತಮ್ಮ ಧಾಟಿಯಲ್ಲಿ ಹಾಡ್ತಾರೆ, ಸಿ. ಅಶ್ವಥ್ ತಮ್ಮ ಧಾಟಿಯಲ್ಲಿ ಹಾಡಿದರು. ಪದ ಎರಡೂ ಕಡೆ ಗಟ್ಟಿಯಾಗಿಯೇ ನಿಂತಿದೆ ಅಲ್ವಾ?

ಸಂಗೀತಗಾರರನ್ನು ಗೌರವಿಸುವ ಅಮೆರಿಕದ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಕಿಂಗ್ ಎರಡು ಸಲ ಸೇರಿದ್ದಾರೆ. 1990ರಲ್ಲಿ ಗಾಫಿನ್ ಜೊತೆ, ಹಾಡು ಬರೆದದ್ದಕ್ಕೆ. 2021ರಲ್ಲಿ ಹಾಡಿದ್ದಕ್ಕೆ. ನಡುವೆ 31 ವರ್ಷ! ನಿಮ್ಮ ಹಾಗೆಯೇ ಅಲ್ಲಿನ ಆಯ್ಕೆದಾರರಿಗೂ ಈಕೆಯ ದನಿ ಬಗ್ಗೆ ಅನುಮಾನ ಇತ್ತೇನೋ.

ಪ್ರಶ್ನೆ: ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಇಂಥ ಹಾಡು ಕೇಳಬಹುದಾ? ಎಲ್ಲಿಂದ ಶುರು ಮಾಡಲಿ?
– ಓದುಗರು, ಬೆಟಗೇರಿ, ಗದಗ

ಉತ್ತರ: ಪುಟ್ಟರಾಜ ಗವಾಯಿಗಳ ಊರಿನವರು ನೀವು. ಹಿಂದೂಸ್ತಾನಿ ಠುಮ್ರಿ ಹಾಡಿನ ಬ್ರಜ್ ಭಾಷೆ ಪೂರ್ತಿ ತಿಳಿದೇ ತಲೆದೂಗಿದ್ರಾ?

'ಟ್ಯಾಪೆಸ್ಟ್ರಿ'ಯ ಕೊನೆಯ ಹಾಡಿನಿಂದ ಶುರು ಮಾಡಿ. ಕಿಂಗ್ ಮತ್ತು ಗಾಫಿನ್ ಕಟ್ಟಿದ ಆ ಹಾಡನ್ನು 1967ರಲ್ಲೇ ಅಮೆರಿಕದ ಇನ್ನೊಬ್ಬ ಗಾಯಕಿ ಅರೀಥಾ ಫ್ರ್ಯಾಂಕ್ಲಿನ್ ಹಾಡಿದ್ದರು. ಮೊದಲು ಕಿಂಗ್ ಹಾಡಿದ್ದು ಕೇಳಿ, ಮುಖ್ಯವಾಗಿ ಪಿಯಾನೋ ಜೊತೆ, ಮನೆಯಲ್ಲಿ ಹಾಡಿಕೊಂಡ ಹಾಗಿದೆ. ಆಮೇಲೆ 2015ರ ಕೆನಡಿ ಸೆಂಟರ್ ಸಮಾರಂಭದ ವಿಡಿಯೋ ನೋಡಿ. ಸನ್ಮಾನ ಕಿಂಗ್‌ಗೆ, ಹಾಡುವುದು ಅರೀಥಾ. 73 ವರ್ಷದ ಅರೀಥಾ ಪಿಯಾನೋ ಬಾರಿಸುತ್ತಾ ಶುರು ಮಾಡಿ, ಎದ್ದು ನಿಂತು, ತುಪ್ಪಳದ ಕೋಟು ಕೆಳಗೆ ಬಿಡುತ್ತಾರೆ. ಮೇಲೆ ಕೂತ ಕಿಂಗ್ ಮುಖ ನೋಡಿ. ತಾನು ಕಟ್ಟಿದ ಹಾಡನ್ನು ಈಗಷ್ಟೇ ಮೊದಲ ಸಲ ಕೇಳಿದವರ ಹಾಗೆ ಕುಣಿದಾಡುತ್ತಾರೆ.

ನನ್ನ ಕ್ಯಾಸೆಟ್‌ನಲ್ಲಿ ಈ ಹಾಡು ಬರುವಷ್ಟರಲ್ಲಿ ಟೇಪು ಮುಗಿದು ಅರ್ಧಕ್ಕೇ ನಿಂತಿತ್ತು. ಅಂಗಡಿಯವನನ್ನು ಕೇಳಿದರೆ, 'ಉಳಿದದ್ದು ಹೀಂಗ ಇರ್ತದ ಬಿಡ್ರಿ' ಅಂದಿದ್ದ.